ತೇಲಿದರೆ ಸಾಲದು, ದಡ ಸೇರಬೇಕು

ಮೈಸೂರಿನಿಂದ ತಿರುಮಕೂಡಲು ನರಸೀಪುರದ ದಾರಿ ಹಿಡಿದು ಸುಮಾರು 45 ಕಿ.ಮೀ. ಸಾಗಿದರೆ ತಲಕಾಡು. ನರಸೀಪುರದಲ್ಲಿ ಕಪಿಲೆಯನ್ನು ಸೇರಿಸಿಕೊಂಡು ಮೈತುಂಬಿ ಬರುವ ಕಾವೇರಿ ಇಲ್ಲಿ ಥಟ್ಟನೆ ಮಗ್ಗುಲು ಬದಲಿಸುತ್ತಾಳೆ. ಪಕ್ಕದ ಕ್ಷೇತ್ರಕ್ಕೆ ಮುಡುಕುತೊರೆ ಎಂಬ ಹೆಸರು ಬಂದದ್ದೇ ತೊರೆಯ ಈ ತಿರುವಿನಿಂದ ಎಂದು ಹಿರಿಯರು ಹೇಳುತ್ತಾರೆ. ಗಂಗರು ಆಳಿದ ಊರು, ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿ, ಮರಳಿನಡಿ ಹೂತು ಮತ್ತೆ ಮೇಲೆದ್ದ ಶಿವಾಲಯಗಳು ಇವನ್ನೆಲ್ಲ ನಮ್ಮ ಓದುಗರು ಪಠ್ಯಪುಸ್ತಕದಲ್ಲೇ ಓದಿರುತ್ತೀರಿ. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ನಡೆದಾಗ ಟಿ.ವಿ.ಯಲ್ಲಿ ನೋಡಿಯೂ ಇರುತ್ತೀರಿ.

ನಾನು ಈ ಸಲ ಹೋದದ್ದು ದೇವರ ದರ್ಶನಕ್ಕಲ್ಲ, ಒಂದು ಟ್ಯೂಬಿನ ಪರೀಕ್ಷೆಗೆ!

ನನ್ನ ಹಳೆಯ ಶಿಷ್ಯನೊಬ್ಬ ಅಮೆರಿಕದ ಇಡಾಹೋ ರಾಜ್ಯದಲ್ಲಿ ಎಂಜಿನಿಯರ್. ಸಂಕ್ರಾಂತಿಯ ರಜೆಗೆ ಊರಿಗೆ ಬಂದವನು ನೇರವಾಗಿ ನಮ್ಮ ಮನೆಗೆ ಬಂದು, "ಸಾರ್, ನಾಳೆ ತಲಕಾಡಿಗೆ ಹೋಗೋಣ. ಹೊಳೆಯಲ್ಲಿ ಮೀನು ಹಿಡಿಯೋ ಹೊಸ ವಿಧಾನ ತೋರಿಸ್ತೀನಿ" ಎಂದ. ಕೈಯಲ್ಲಿ ಶಾಲಾಮಕ್ಕಳ ಬ್ಯಾಗಿಗಿಂತ ತುಸು ದೊಡ್ಡದಾದ ಚೀಲ. ಒಳಗೇನಿದೆ ಎಂದರೆ, "ದೋಣಿ" ಎಂದು ನಕ್ಕ.

ಚೀಲದಿಂದ ಹೊರಬಂದ ದೋಣಿ

ಮರುದಿನ ಬೆಳಿಗ್ಗೆ ಎಂಟಕ್ಕೆ ನಾವು ಹೊಳೆಯ ಮರಳಿನ ಮೇಲಿದ್ದೆವು. ಜನವರಿಯ ಕಾವೇರಿ ನೋಡಲು ಬಲು ಸಾಧು. ನೀರಿನ ಮೇಲೆ ಮಂಜು ಇನ್ನೂ ಪೂರಾ ಕರಗಿರಲಿಲ್ಲ. ಹರಿಗೋಲುಗಳನ್ನು ಬೋರಲು ಹಾಕಿ ಒಣಗಿಸಿದ್ದರು. ಕಾಲಿನ ಪಂಪಿನಿಂದ ಶಿಷ್ಯ ಗಾಳಿ ತುಂಬಿದಂತೆಲ್ಲ ಚೀಲದೊಳಗಿನ ವಸ್ತು ಉಬ್ಬಿ ಕುದುರೆ ಲಾಳದ ಆಕಾರಕ್ಕೆ ಬಂತು. ನಡುವೆ ಕೂರಲು ಬಟ್ಟೆಯ ಆಸನ, ಬೆನ್ನಿಗೆ ಆತುಕೊಳ್ಳಲು ದಿಂಬು, ಪಕ್ಕದಲ್ಲಿ ಗಾಳದ ಸಾಮಾನಿಗೆ ಜೇಬು. ಇದಕ್ಕೆ ಫ್ಲೋಟ್ ಟ್ಯೂಬ್ ಎನ್ನುತ್ತಾರೆ. ಕೂತವನ ಕಾಲುಗಳು ನೀರಿನೊಳಗೆ ಇಳಿಬಿದ್ದಿರುತ್ತವೆ. ಪಾದಕ್ಕೆ ಬಾತುಕೋಳಿಯ ಪಾದದಂಥ ರಬ್ಬರಿನ ಈಜುರೆಕ್ಕೆ ಕಟ್ಟಿಕೊಂಡು ಒದೆಯಬೇಕು. ಕೈಗಳು ಗಾಳ ಹಿಡಿಯಲು ಖಾಲಿ. ಒಂದು ವಿಶೇಷವೆಂದರೆ, ಹೀಗೆ ಒದ್ದಾಗ ಮನುಷ್ಯ ಹಿಮ್ಮುಖವಾಗಿ ಚಲಿಸುತ್ತಾನೆ. ಎತ್ತ ಹೋಗುತ್ತಿದ್ದಾನೋ ಅತ್ತ ಅವನ ಬೆನ್ನಿರುತ್ತದೆ.

ಸುತ್ತ ಹತ್ತಾರು ಹುಡುಗರು ಸೇರಿದರು. ಎಪ್ಪತ್ತು ದಾಟಿದ ಅಂಬಿಗರೊಬ್ಬರು ಬೀಡಿ ಆರಿಸಿ ಹತ್ತಿರ ಬಂದು, ಟ್ಯೂಬನ್ನು ಒಂದು ಸುತ್ತು ಹಾಕಿ ನೋಡಿದರು.

"ಮೇಷ್ಟ್ರೇ, ಇದ್ರಲ್ಲಿ ಕಾಲು ಎಲ್ಲಿಡ್ತಾರೆ?"

"ನೀರೊಳಗೇ ಬಿಡ್ತಾರೆ ಯಜಮಾನ್ರೇ."

ಅಂಬಿಗರು ತಲೆಯಾಡಿಸಿದರು. "ಕೆರೇಲಾದ್ರೆ ಸರಿ. ಹೊಳೇಲಿ ಕಾಲು ಕೆಳಗೆ ಬಿಟ್ರೆ ಕೆಳಗಿರೋದು ಹಿಡ್ಕೊಳ್ತದೆ ಸ್ವಾಮಿ."

ಶಿಷ್ಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಒಂದೇ ನೆನಪು ಬಂದಿತ್ತು.

1999ರ ಒಂದು ಪಾಠ

ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಂಬತ್ತನೆಯ ತರಗತಿಗೆ ಆರ್ಕಿಮಿಡೀಸನ ತತ್ವ ಹೇಳಿಕೊಡುವಾಗ, ಪಾಠ ಮನಸ್ಸಿಗೆ ನಾಟಲೆಂದು ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬೊಂದನ್ನು ತರಿಸಿದ್ದೆ. ಉಬ್ಬಿದ ಟ್ಯೂಬಿನ ಕೊಳವೆಯ ಅಡ್ಡಗಲ 25 ಸೆಂ.ಮೀ., ನಡುಗೆರೆಯ ವೃತ್ತದ ವ್ಯಾಸ 75 ಸೆಂ.ಮೀ. ಲೆಕ್ಕ ಹಾಕಿದರೆ ಒಳಗಿನ ಗಾಳಿ ಸುಮಾರು 115 ಲೀಟರ್. ಅಂದರೆ ಅದನ್ನು ಪೂರ್ತಿ ಮುಳುಗಿಸಲು 115 ಕೆ.ಜಿ.ಯಷ್ಟು ಭಾರ ಬೇಕು. ಬೋರ್ಡಿನ ಮೇಲೆ ಇದನ್ನು ಬರೆದು, "ನಿಮ್ಮಲ್ಲಿ ಇಬ್ಬರು ಕೂತರೂ ಇದು ಮುಳುಗುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿದ್ದೆ.

ಆ ಆಗಸ್ಟಿನಲ್ಲಿ ತರಗತಿಯ ಹುಡುಗನೊಬ್ಬ ಅಂಥದೇ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಗಾಳ ಹಾಕಲು ಹೊಳೆಗಿಳಿದ. ನಮ್ಮಲ್ಲಿ ಅಂದು ಒಂದು ಹನಿ ಮಳೆಯಿರಲಿಲ್ಲ. ಆದರೆ ಮೇಲೆ ನೀರು ಬಿಟ್ಟಿದ್ದರು. ಸಂಜೆ ಆ ಟ್ಯೂಬ್ ಎರಡು ಮೈಲಿ ಕೆಳಗೆ ಜೊಂಡಿನಲ್ಲಿ ಸಿಕ್ಕಿತು. ಗಾಳಿ ಒಂದಿಷ್ಟೂ ಇಳಿದಿರಲಿಲ್ಲ. ಹುಡುಗ ಸಿಕ್ಕಿದ್ದು ಮೂರನೆಯ ದಿನ.

ಟ್ಯೂಬ್ ಮುಳುಗಲಿಲ್ಲ. ನಾನು ಹೇಳಿದ್ದು ನಿಜವೇ ಆಗಿತ್ತು. ಆದರೆ ನಾನು ಹೇಳದೇ ಬಿಟ್ಟದ್ದು ಎಷ್ಟೋ ಇತ್ತು. ಆ ಹುಡುಗನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಂದು ಅಮೆರಿಕದಿಂದ ಬಂದವನು ಆ ಹುಡುಗನ ಜತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನು. "ಸಾರ್, ಇದು ಲಾರಿ ಟ್ಯೂಬಲ್ಲ. ಎರಡು ಗಾಳಿಕೋಣೆ ಇದೆ, ಒಂದು ಒಡೆದರೂ ಇನ್ನೊಂದು ಇರುತ್ತೆ" ಎಂದು ಮೆಲ್ಲಗೆ ಅಂದ.

"ಸರಿಯಪ್ಪಾ, ಹಾಗಾದರೆ ಲೆಕ್ಕ ಮಾಡೋಣ. ಲೆಕ್ಕ ಒಪ್ಪಿದರೆ ಇಳಿ" ಎಂದೆ.

ಮರಳಿನ ಮೇಲೆ ಲೆಕ್ಕ

ಮೊದಲು ಹೊಳೆಯ ವೇಗ ಅಳೆದೆವು. ಇದಕ್ಕೆ ಯಂತ್ರ ಬೇಡ. ದಡದಲ್ಲಿ 30 ಮೀಟರ್ ದೂರಕ್ಕೆ ಎರಡು ಕಡ್ಡಿ ನೆಟ್ಟು, ಮೇಲುಗಡೆಯಿಂದ ಹರಿವಿನ ನಡುವಿಗೆ ಒಂದು ತೆಂಗಿನಕಾಯಿ ಎಸೆದೆವು. ಕಡ್ಡಿಯಿಂದ ಕಡ್ಡಿಗೆ ಹೋಗಲು ಅದು ತೆಗೆದುಕೊಂಡದ್ದು 25 ಸೆಕೆಂಡು. ಅಂದರೆ ಸೆಕೆಂಡಿಗೆ 1.2 ಮೀಟರ್, ಗಂಟೆಗೆ ನಾಲ್ಕು ಕಿ.ಮೀ.ಗೂ ಸ್ವಲ್ಪ ಹೆಚ್ಚು. ಸಾಧುವಾಗಿ ಕಂಡ ಹೊಳೆ ನಾವು ನಡೆಯುವಷ್ಟೇ ಬಿರುಸಾಗಿ ನಡೆಯುತ್ತಿತ್ತು!

ಈಜುರೆಕ್ಕೆ ಕಟ್ಟಿಕೊಂಡು ಟ್ಯೂಬಿನಲ್ಲಿ ಒದೆಯುವವನ ವೇಗವೆಷ್ಟು? ಸರೋವರದಲ್ಲಿ ತನಗೆ ಸೆಕೆಂಡಿಗೆ ಅರ್ಧ ಮೀಟರ್ ಬಂದರೆ ಹೆಚ್ಚು ಎಂದು ಶಿಷ್ಯನೇ ಒಪ್ಪಿಕೊಂಡ. ಅಲ್ಲಿಗೆ ಪ್ರವಾಹಕ್ಕೆ ಎದುರಾಗಿ ಹೋಗುವ ಮಾತೇ ಇಲ್ಲ. ದಡದಿಂದ 40 ಮೀಟರ್ ಒಳಗಿದ್ದರೆ ಅಡ್ಡಲಾಗಿ ಒದ್ದು ದಡ ಸೇರಲು 80 ಸೆಕೆಂಡು. ಅಷ್ಟರಲ್ಲಿ ಹೊಳೆ ಅವನನ್ನು 96 ಮೀಟರ್ ಕೆಳಗೆ ಒಯ್ದಿರುತ್ತದೆ. ಆ 96 ಮೀಟರಿನೊಳಗೆ ಬಂಡೆಯಿದೆಯೇ, ಬಿದ್ದ ಮರವಿದೆಯೇ, ಒಡ್ಡು ಇದೆಯೇ? ಹೊಳೆಗಿಳಿಯುವವನು ನೋಡಬೇಕಾದದ್ದು ಇಳಿಯುವ ಜಾಗವನ್ನಲ್ಲ, ಅಲ್ಲಿಂದ ಕೆಳಗಿನ ಜಾಗವನ್ನು. ಟ್ಯೂಬಿನವನಿಗೋ ಅತ್ತ ಬೆನ್ನು.

ಎರಡನೆಯ ಲೆಕ್ಕ ಬಲದ್ದು. ಪ್ರವಾಹದ ಜತೆಗೇ ತೇಲುವವನಿಗೆ ನೀರಿನ ಒತ್ತು ತಿಳಿಯುವುದೇ ಇಲ್ಲ. ರೈಲಿನೊಳಗೆ ಕೂತವನಿಗೆ ವೇಗ ತಿಳಿಯದ ಹಾಗೆ. ತಿಳಿಯುವುದು ಯಾವುದಕ್ಕಾದರೂ ಸಿಕ್ಕಿಕೊಂಡು ನಿಂತಾಗ. ನಿಂತ ವಸ್ತುವಿನ ಮೇಲೆ ಹರಿವ ನೀರು ಹಾಕುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಾಲು ಮತ್ತು ಟ್ಯೂಬು ಸೇರಿ ಎದುರಾಗುವ ವಿಸ್ತೀರ್ಣ 0.4 ಚದರ ಮೀಟರ್ ಎಂದು ಹಿಡಿದರೆ, ನಾವು ಅಳೆದ ವೇಗದಲ್ಲಿ ಸುಮಾರು 29 ಕೆ.ಜಿ. ಭಾರದಷ್ಟು ಬಲ. ಮೇಲಿನಿಂದ ನೀರು ಬಂದು ವೇಗ ಎರಡರಷ್ಟಾಯಿತೆನ್ನಿ. ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಸುಮಾರು 118 ಕೆ.ಜಿ.! ಬೇರಿಗೆ ಸಿಕ್ಕಿದ ಕಾಲನ್ನು ಆ ಭಾರದ ಎದುರು ಬಿಡಿಸಿಕೊಳ್ಳುವ ಗಟ್ಟಿಗ ಯಾರು?

ಹಗ್ಗ ಬಿಗಿದಾಗ

ಲೆಕ್ಕ ಕಾಗದದ ಮೇಲಿದ್ದರೆ ಮಕ್ಕಳು ನಂಬುವುದಿಲ್ಲ, ಎಂಜಿನಿಯರುಗಳೂ ಅಷ್ಟೆ. ಆದ್ದರಿಂದ ಪ್ರಯೋಗಕ್ಕೇ ಇಳಿದೆವು. ಟ್ಯೂಬಿನ ಆಸನದಲ್ಲಿ ಮನುಷ್ಯನ ಬದಲು ಮರಳಿನ ಮೂಟೆ ಕಟ್ಟಿ, ಕಾಲಿನ ಬದಲು ಎರಡು ಸಣ್ಣ ಮೂಟೆಗಳನ್ನು ಕೆಳಗೆ ಇಳಿಬಿಟ್ಟೆವು. ಅಂಬಿಗರು ತಮ್ಮ ಹರಿಗೋಲಿನಲ್ಲಿ ಅದನ್ನು ಹೊಳೆಯ ನಡುವಿಗೆ ಒಯ್ದರು. ಬಲೆ ಕಟ್ಟಲೆಂದು ತಳದ ಬಂಡೆಗೆ ಬಿಗಿದಿದ್ದ ಹಗ್ಗವೊಂದು ಅಲ್ಲಿತ್ತು. ಅದರ ತುದಿಯನ್ನು ಟ್ಯೂಬಿನ ಅಂಚಿಗೆ ಕಟ್ಟಿ, ಟ್ಯೂಬನ್ನು ನಿಧಾನವಾಗಿ ಹರಿವಿಗೆ ಬಿಟ್ಟರು. ವಾಪಸು ಎಳೆಯಲು ಇನ್ನೊಂದು ಹಗ್ಗವನ್ನು ಕೈಯಲ್ಲಿ ಹಿಡಿದಿದ್ದರು.

ಮೂರು ನಾಲ್ಕು ಮೀಟರ್ ಅದು ರಾಜಗಾಂಭೀರ್ಯದಿಂದ ತೇಲಿತು. ಹಗ್ಗ ಬಿಗಿಯಿತು. ಮೇಲುಹೊಳೆಯ ಕಡೆಯ ಅಂಚು ಕೆಳಗೆ ಜಗ್ಗಿತು. ಅದರ ಮೇಲೆ ನೀರು ಏರಿತು. ಏರಿದ ನೀರು ಅಂಚನ್ನು ಇನ್ನಷ್ಟು ಅದುಮಿತು. ಹುಡುಗರು "ಹೋ" ಎನ್ನುವಷ್ಟರಲ್ಲಿ ಟ್ಯೂಬ್ ಮಗುಚಿ, ಮೂಟೆ ನೀರೊಳಗಾಗಿ, ತಳ ಮೇಲಾಗಿತ್ತು. ಟ್ಯೂಬೇನೋ ತೇಲುತ್ತಲೇ ಇತ್ತು!

ಶಿಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಾರ್, ಅವನ ಗಾಳದ ದಾರ ಸೊಂಟಕ್ಕೆ ಕಟ್ಟಿಕೊಂಡಿದ್ದ ಅಂತ ಆಗ ಹೇಳ್ತಿದ್ರು" ಎಂದ. ನಾನು ಏನು ಹೇಳಲಿ?

ನಡೆಯುವ ನೀರಿನಲ್ಲಿ ಟ್ಯೂಬಿಗಾಗಲಿ ಮೈಗಾಗಲಿ ಹಗ್ಗ, ಬಲೆ, ಲಂಗರು ಕಟ್ಟುವುದೆಂದರೆ ಹೀಗೆ. "ಕೊಚ್ಚಿಕೊಂಡು ಹೋಗದಿರಲಿ" ಎಂದು ಕಟ್ಟುವ ಹಗ್ಗವೇ ಉರುಳಾಗುತ್ತದೆ.

ಹರಿಗೋಲು ಕಲಿಸುವ ಪಾಠ

ಹಾಗಾದರೆ ಹರಿಗೋಲಿನವರು ಇಷ್ಟು ಶತಮಾನ ಹೇಗೆ ಬಾಳಿದರು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬಿದಿರಿನ ಬುಟ್ಟಿ, ಹೊರಗೆ ತೊಗಲು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅದರ ತಳ ಅಗಲ ಮತ್ತು ಚಪ್ಪಟೆ. ನೀರಿನಲ್ಲಿ ಗೇಣುದ್ದವೂ ಇಳಿಯುವುದಿಲ್ಲ. ಕೆಳಗೆ ಏನೂ ನೇತಾಡುವುದಿಲ್ಲ. ಆದ್ದರಿಂದ ಬಂಡೆಯ ಮೇಲೂ ಜಾರಿ ಹೋಗುತ್ತದೆ, ಹೆಚ್ಚೆಂದರೆ ಗಿರ್ರನೆ ತಿರುಗುತ್ತದೆ. ಅಂಬಿಗ ಮುಂದೆ ನೋಡುತ್ತ ಹುಟ್ಟು ಹಾಕುತ್ತಾನೆ. ಹಾಗೆಂದು ಹರಿಗೋಲಿನಲ್ಲಿ ಅಪಾಯವೇ ಇಲ್ಲವೆಂದಲ್ಲ. ಹೆಚ್ಚು ಜನ ತುಂಬಿದರೆ, ಸೆಲ್ಫಿಗೆಂದು ಎಲ್ಲರೂ ಒಂದೇ ಕಡೆ ಎದ್ದರೆ ಅದೂ ಮಗುಚುತ್ತದೆ. ಅಲ್ಲಿಯೂ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಬೇಕೇ ಬೇಕು.

ಅಮೆರಿಕದವರೂ ಈ ವ್ಯತ್ಯಾಸ ಬಲ್ಲರು. ಶಿಷ್ಯ ಮೀನು ಹಿಡಿಯುವುದು ಇಡಾಹೋದ ಹೆನ್ರೀಸ್ ಲೇಕ್‌ನಲ್ಲಿ. ಅಲ್ಲಿ ಫ್ಲೋಟ್ ಟ್ಯೂಬಿನವರು ಬಹಳ. ಅದೇ ಸರೋವರದಿಂದ ಹೆನ್ರೀಸ್ ಫೋರ್ಕ್ ಎಂಬ ನದಿ ಹೊರಡುತ್ತದೆ. ಅಲ್ಲಿನ ಮೀನುಗಾರರು ಹೆಚ್ಚಾಗಿ ದೋಣಿ ಹತ್ತುತ್ತಾರೆ, ಇಲ್ಲವೇ ಆಳವಿಲ್ಲದ ಕಡೆ ನಡೆದು ಗಾಳ ಹಾಕುತ್ತಾರೆ. "ನಿಂತ ನೀರಿಗೆ ಮಾತ್ರ ಅಂತ ಅಲ್ಲಿ ಎಲ್ಲರೂ ಹೇಳ್ತಾರೆ ಸಾರ್. ನಮ್ಮೂರ ಹೊಳೆ ಅಲ್ವಾ, ನನಗೆ ಗೊತ್ತಿರೋದೇ ಅಂದ್ಕೊಂಡೆ" ಎಂದ. ಗೊತ್ತಿರುವ ಹೊಳೆ ಎಂಬ ಧೈರ್ಯವೇ ಎಷ್ಟೋ ಜೀವಗಳನ್ನು ತೆಗೆದಿದೆ.

ಮರಳು ಒಂದು ಕಡೆ, ಮಡು ಒಂದು ಕಡೆ

ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮ ಶಪಿಸಿದ ಕಥೆ ನಿಮಗೆ ಗೊತ್ತು. ಮಾಲಂಗಿ ಇರುವುದು ಎದುರು ದಡದಲ್ಲಿ. ಹೆಮ್ಮಿಗೆಯ ಬಳಿ ಮಾಧವಮಂತ್ರಿ ಕಟ್ಟೆ ಬಂದ ಮೇಲೆ ಹೊಳೆಯ ಪಾತ್ರದಲ್ಲಿ ಮರಳು ಬಯಲಾಗಿ, ಗಾಳಿ ಅದನ್ನು ಊರಿನ ಮೇಲೆ ಸುರಿಯಿತೆಂಬ ವಿವರಣೆಯೂ ಇದೆ. ಶಾಪದ ಮಾತು ಹಾಗಿರಲಿ. ತಿರುವಿನಲ್ಲಿ ಹೊಳೆಯ ಸ್ವಭಾವವೇ ಹೀಗೆ: ಒಳಮಗ್ಗುಲಲ್ಲಿ ನೀರು ನಿಧಾನ, ಅಲ್ಲಿ ಮರಳು ಕೂರುತ್ತದೆ. ಹೊರಮಗ್ಗುಲಲ್ಲಿ ನೀರು ಬಿರುಸು, ಅಲ್ಲಿ ದಡ ಕೊರೆದು ಮಡುವಾಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದ ಮಗು ನಾಲ್ಕು ಹೆಜ್ಜೆಗೆ ಆಳಕ್ಕೆ ಬೀಳುವುದು ಇದರಿಂದ. ಮರಳು ತೆಗೆದ ಹೊಂಡಗಳಿದ್ದರಂತೂ ಹೇಳುವುದೇ ಬೇಡ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಕೊಡಗಿನಲ್ಲಿ ಮಳೆಯಾದರೆ ಕೃಷ್ಣರಾಜಸಾಗರಕ್ಕೆ, ವಯನಾಡಿನಲ್ಲಿ ಮಳೆಯಾದರೆ ಕಬಿನಿ ಜಲಾಶಯಕ್ಕೆ ನೀರು ಬರುತ್ತದೆ. ಅಲ್ಲಿ ಬಿಟ್ಟ ನೀರೆಲ್ಲ ನರಸೀಪುರದಲ್ಲಿ ಕೂಡಿ ಇತ್ತಲೇ ಬರಬೇಕು. ತಲಕಾಡಿನ ಆಕಾಶ ನೀಲಿಯಾಗಿದ್ದಾಗಲೇ ಹೊಳೆ ಏರಬಹುದು. ನೀರು ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಸದ್ದು ಬದಲಾಗುವುದು ಇವೇ ಸೂಚನೆಗಳು. ಕಂಡ ಕೂಡಲೇ ಸಾಮಾನು ಬಿಟ್ಟು ಮೇಲೆ ಬರಬೇಕು.

ಒಡ್ಡುಗಳ ಕೆಳಗಿನ ನೀರೂ ಅಷ್ಟೇ ಮೋಸದ್ದು. ಮೇಲಿಂದ ಧುಮುಕಿದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಒಡ್ಡಿನ ಕಡೆಗೇ ಮರಳುತ್ತದೆ. ಅದರಲ್ಲಿ ಸಿಕ್ಕಿದ ಟ್ಯೂಬ್ ಅಲ್ಲಿಯೇ ಸುತ್ತುತ್ತಿರುತ್ತದೆ. ನೊರೆ ತುಂಬಿದ ನೀರಿನ ಸಾಂದ್ರತೆ ಕಡಿಮೆಯಾದ್ದರಿಂದ ತೇಲಿಸುವ ಶಕ್ತಿಯೂ ಕಡಿಮೆ. ಒಡ್ಡಿನ ಮೇಲೂ ಕೆಳಗೂ ಈಜಬಾರದು, ಯಾವ ತೆಪ್ಪವನ್ನೂ ಬಿಡಬಾರದು.

ಹೆತ್ತವರಿಗೆ, ಮಕ್ಕಳಿಗೆ

ಟ್ಯೂಬ್ ಆಟದ ಸಾಮಾನು ಅಥವಾ ಮೀನುಗಾರನ ಆಸನವೇ ಹೊರತು ಜೀವರಕ್ಷಕವಲ್ಲ. ನಮ್ಮ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ಹಾಗಾಗಿ ತಲೆಯನ್ನು ನೀರಿನ ಮೇಲಿಡಲು ಏಳೆಂಟು ಕೆ.ಜಿ.ಯಷ್ಟು ತೇಲಿಸುವ ಜಾಕೆಟ್ ಸಾಕು. 115 ಕೆ.ಜಿ. ತೇಲಿಸುವ ಟ್ಯೂಬಿಗಿಂತ ಅದು ಮೇಲು. ಕಾರಣ ಸರಳ: ಟ್ಯೂಬ್ ಕೈತಪ್ಪುತ್ತದೆ, ಗುಂಡಿ ಹಾಕಿದ ಜಾಕೆಟ್ ಕೈತಪ್ಪುವುದಿಲ್ಲ. ಲಾರಿ ಟ್ಯೂಬಿನಲ್ಲಿ ಇರುವುದು ಒಂದೇ ಗಾಳಿಕೋಣೆ, ಅದರಲ್ಲೂ ಹಳೆಯ ತೇಪೆಗಳು. ಬಿಸಿಲಿನಲ್ಲಿ 57 ಡಿಗ್ರಿಗೆ ಕಾದ ಕಪ್ಪು ಟ್ಯೂಬನ್ನು 27 ಡಿಗ್ರಿಯ ನೀರಿಗೆ ಹಾಕಿದರೆ ಒಳಗಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ಕುಗ್ಗಿ ಟ್ಯೂಬ್ ಮೆತ್ತಗಾಗುತ್ತದೆ. ದಡದಲ್ಲಿ ಬಿಗಿಯಾಗಿದ್ದುದು ನಡುನೀರಿನಲ್ಲಿ ಹಾಗೇ ಇರುವುದಿಲ್ಲ.

ಗಾಳ ಹಾಕುವ ಆಸೆಯಿದ್ದರೆ ಕೆರೆಯ ನಿಂತ ನೀರು ಆರಿಸಿಕೊಳ್ಳಿ. ಮೀನುಗಾರಿಕೆ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿ. ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದೂ ನೆನಪಿರಲಿ. ಒಬ್ಬರೇ ಹೋಗಬೇಡಿ. ಜಾಕೆಟ್ ಇಲ್ಲದೆ ಇಳಿಯಬೇಡಿ. ಗಾಳಿ ಬೀಸತೊಡಗಿದರೆ ಕೆರೆಯಲ್ಲಿಯೂ ಹೊರಗೆ ಬನ್ನಿ. ದಾರ ಕತ್ತರಿಸಲು ಸಣ್ಣ ಚಾಕು ಎಟುಕುವಲ್ಲಿರಲಿ.

ಪ್ರವಾಹಕ್ಕೆ ಸಿಕ್ಕರೆ ಎದುರು ಈಜಬೇಡಿ. ಅಂಗಾತ ಮಲಗಿ, ಕಾಲನ್ನು ಮುಂದೆ ಮಾಡಿ, ಓರೆಯಾಗಿ ದಡದ ಕಡೆ ಸರಿಯಿರಿ. ಬಿರುಸು ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಮೊಣಕಾಲುದ್ದ ನೀರೂ ಮುಳುಗಿಸುತ್ತದೆ. ದಡದಲ್ಲಿರುವವರು ದಯವಿಟ್ಟು ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಹಗ್ಗ, ಗಳು, ಸೀರೆ, ಖಾಲಿ ಕ್ಯಾನು ಏನು ಸಿಕ್ಕರೆ ಅದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ಮೇಲೆ ತಂದವರಿಗೆ ಉಸಿರಾಟ ನಿಂತಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಶುರು ಮಾಡಬೇಕು. ಈ ವಿದ್ಯೆಯನ್ನು ಪ್ರತಿ ಪ್ರೌಢಶಾಲೆಯಲ್ಲೂ ಕಲಿಸಬೇಕೆಂಬುದು ನನ್ನ ಬಹುಕಾಲದ ಆಸೆ.

ಅಂದು ಮಧ್ಯಾಹ್ನ ಅಂಬಿಗರ ಮನೆಯಲ್ಲಿ ರಾಗಿಮುದ್ದೆ ಉಂಡು, ಹಿಂತಿರುಗುವ ದಾರಿಯಲ್ಲಿ ಒಂದು ಕೆರೆಯ ಬಳಿ ಕಾರು ನಿಲ್ಲಿಸಿದೆವು. ಶಿಷ್ಯ ಕೆರೆಯವರ ಒಪ್ಪಿಗೆ ಕೇಳಿ, ಜಾಕೆಟ್ ತೊಟ್ಟು ಟ್ಯೂಬಿನಲ್ಲಿ ಇಳಿದ. ಒಂದು ಗಂಟೆಯಲ್ಲಿ ಮೂರು ಜಿಲೇಬಿ ಮೀನು ಸಿಕ್ಕವು. ಏರಿಯ ಮೇಲೆ ಕೂತು ನೋಡುತ್ತಿದ್ದ ನನಗೂ ಇಳಿಯುವ ಆಸೆಯಾಯಿತೆಂದರೆ ಸುಳ್ಳಲ್ಲ.

ಹೊರಡುವ ಮುನ್ನ ಅವನು ಆ ಟ್ಯೂಬನ್ನು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟು ಹೋದ. ಈ ವರ್ಷ ಆರ್ಕಿಮಿಡೀಸನ ಪಾಠಕ್ಕೆ ಅದನ್ನೇ ಮೇಜಿನ ಮೇಲಿಡುತ್ತೇನೆ. ತೇಲುವ ಲೆಕ್ಕ ಬರೆದ ಮೇಲೆ ಬೋರ್ಡನ್ನು ಒರೆಸದೆ, ಅದರ ಪಕ್ಕದಲ್ಲೇ ಹರಿಯುವ ನೀರಿನ ಲೆಕ್ಕವನ್ನೂ ಬರೆಯುತ್ತೇನೆ. 1999ರಲ್ಲಿ ಅರ್ಧಕ್ಕೆ ನಿಂತ ಪಾಠ ಅದು.

*ತಲುಪುವ ಬಗೆ:* ಮೈಸೂರಿನಿಂದ ತಿರುಮಕೂಡಲು ನರಸೀಪುರದ ಮೂಲಕ ಬಸ್ಸುಗಳಿವೆ. ಗುಡಿಗಳನ್ನು ನೋಡಲು ಮರಳಿನಲ್ಲಿ ನಡೆಯಬೇಕಾದ್ದರಿಂದ ಬೆಳಿಗ್ಗೆ ಬೇಗ ಹೋಗುವುದು ಲೇಸು. ಹೊಳೆಯ ಬಳಿ ಹಾಕಿರುವ ಎಚ್ಚರಿಕೆ ಫಲಕಗಳನ್ನು ಓದಿ. ಹಾಗೆಯೇ ಅಲ್ಲಿನ ಅಂಬಿಗರನ್ನು ಒಂದು ಮಾತು ಕೇಳಿ. ಹೊಳೆಯ ವಿಷಯದಲ್ಲಿ ನಮ್ಮ ಡಿಗ್ರಿಗಳಿಗಿಂತ ಅವರ ಮಾತು ದೊಡ್ಡದು.